ಮನೆಯೇ ಬಾಯಿ ಬಿಡಬೇಕು

ಮನೆ ತಪಾಸಣೆಯ ಲೈಸೆನ್ಸ್ ಬೇಕೆಂದರೆ ಕೊನೆಯ ಪರೀಕ್ಷೆಗೆ ನಿಯಮ ಒಂದೇ: ಅರ್ಧ ಗಂಟೆಯೊಳಗೆ ಮನೆ ತನ್ನ ದೋಷವನ್ನು ತಾನೇ ಹೇಳಿಕೊಳ್ಳಬೇಕು. ಗದಗಿನ ಮನೆಗಳು ಮಾತು ಕಲಿತು ಎಷ್ಟೋ ವರ್ಷಗಳಾಗಿದ್ದವು. ಆದರೆ ಅಪರಿಚಿತರ ಮುಂದೆ ಅವು ಸುಲಭಕ್ಕೆ ನಿಜ ಹೇಳುತ್ತಿರಲಿಲ್ಲ.

ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದ್ದ ನೀಲವ್ವ ಪರೀಕ್ಷೆಗೆಂದೇ ಇಟ್ಟಿದ್ದ ಈ ಮನೆಯಲ್ಲಿ ಎರಡು ಸಲ ಫೇಲಾಗಿದ್ದಳು. ಎರಡು ಸಲವೂ ಅವಳು ಸುತ್ತಿಗೆಯಿಂದ ಗೋಡೆ ತಟ್ಟಿದ್ದಕ್ಕೆ ಮನೆ ಮುನಿಸಿಕೊಂಡಿತ್ತು. ಮೂರನೆಯದೇ ಕೊನೆಯ ಅವಕಾಶ.

ಪರೀಕ್ಷಕ ಹಿರೇಮಠರು ಗಡಿಯಾರ ನೋಡುತ್ತ ಬಾಗಿಲಲ್ಲಿ ನಿಂತರು.

“ನನಗೇನೂ ಆಗಿಲ್ಲ, ಗಟ್ಟಿಮುಟ್ಟ ಅದೀನಿ,” ಎಂದಿತು ಮನೆ.

ನೀಲವ್ವ ಈ ಸಲ ಸುತ್ತಿಗೆ ತಂದಿರಲೇ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು, ಪಡಸಾಲೆಯ ಕಂಬಕ್ಕೆ ಒರಗಿ ಕೂತು ಕಾಲು ನೀವಿಕೊಂಡಳು.

“ಚಲೋ ಆತು ಬಿಡವಾ. ನನಗ ನೋಡು, ಮಣಕಾಲು ಹಿಡಕೊಂಡಾವ. ಮೆಟ್ಟಲ ಹತ್ತಾಕ ಆಗವಲ್ದು.”

ಇಪ್ಪತ್ತು ನಿಮಿಷ ಅವಳು ತನ್ನ ನೋವನ್ನೇ ಹೇಳಿಕೊಂಡಳು. ಕೊನೆಗೆ ಮೇಲಿನ ತೊಲೆ ಮೆಲ್ಲಗೆ ಕಿರುಗುಟ್ಟಿತು.

“ಆ ಕಂಬಕ್ಕ ಅಷ್ಟು ಒರಗಬ್ಯಾಡ ತಂಗಿ. ಬುಡಕ ಗೆದ್ದಲ ಹತ್ಯಾವ. ಯಾರಿಗೂ ಹೇಳಿಲ್ಲ.”

“ಪಾಸು!” ಹಿರೇಮಠರು ಬಾಗಿಲಲ್ಲೇ ನಿಂತು ಸೀಲು ಒತ್ತಿದರು. “ಹತ್ತು ವರ್ಷದಾಗ ಈ ಮನಿ ಬಾಯಿ ಬಿಟ್ಟಿದ್ದು ಇದ ಮೊದಲು!”

“ಹತ್ತು ವರ್ಷದಿಂದ ಬರಾಕತ್ತೀರಿ,” ಎಂದಿತು ಮನೆ. “ಒಮ್ಮೆಯಾದ್ರೂ ಒಳಗ ಬಂದು ಕುಂತೀರೇನ್ರಿ?”

ಹಿರೇಮಠರು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು.