ಪಾದ್ರಿಯ ಮನೆಗೊಂದು ಅಡ್ಡಗೋಡೆ

ಹೊಸ ಪ್ಲೈವುಡ್ಡಿನ ವಾಸನೆ ಬಂದರೆ ನನಗೆ ಈಗಲೂ ರೇಗುತ್ತದೆ. ಕೊಲ್ಲಿ ದೇಶದಲ್ಲಿ, ಕರಾಮದ ಫ್ಲ್ಯಾಟಿನಲ್ಲಿದ್ದಾಗ, ಶಾಲೆಯ ಪ್ರಾಜೆಕ್ಟಿಗೆಂದು ಇಂಗ್ಲೆಂಡಿನ ಆರುನೂರು ವರ್ಷ ಹಳೆಯ ಪಾದ್ರಿ ಮನೆಯ ಮಾದರಿ ಮಾಡಿದ್ದೆ. ಹುಲ್ಲಿನ ಮಾಡು, ಮರದ ಚೌಕಟ್ಟು, ನಡುವೆ ಮಾಡಿನವರೆಗೂ ತೆರೆದ ದೊಡ್ಡ ಹಾಲ್. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ, ಪಪ್ಪ ಹಾಲಿನ ನಟ್ಟನಡುವೆ ಪ್ಲೈವುಡ್ಡಿನ ಚೂರೊಂದನ್ನು ಅಂಟಿಸಿ ಬೀಗುತ್ತಿದ್ದರು!

“ಒಬ್ಬ ಪಾದ್ರಿಗೆ ಇಷ್ಟು ದೊಡ್ಡ ಹಾಲ್ ಎಂತಕ್ಕೆ? ಈಗ ಎರಡು ಫ್ಯಾಮಿಲಿ ಆರಾಮಲ್ಲಿ ಇರ್ಬಹುದು.”

“ಇಟ್ಸ್ ರಾಂಗ್, ಪಪ್ಪಾ! ಇದು ನಮ್ಮ ಫ್ಲ್ಯಾಟ್ ಅಲ್ಲ!” ಎಂದು ಕಿರುಚಿ ಗೋಡೆಯನ್ನು ಕಿತ್ತೆಸೆದೆ.

ನಮ್ಮ ಮಂಚದ ಪಕ್ಕದ ಪ್ಲೈವುಡ್ ಗೋಡೆಯಾಚೆಯಿಂದ, ಫ್ಲ್ಯಾಟಿನ ಉಳಿದರ್ಧ ಹಾಲಿನಲ್ಲಿ ಸಂಸಾರ ಹೂಡಿದ್ದ ಆಂಟಿ ಕೂಗಿದರು:

“ಸ್ವಲ್ಪ ಮೆಲ್ಲ ಮಾರಾಯ್ರೇ, ಮಗು ಈಗಷ್ಟೇ ಮಲಗಿದ್ದು.”