ಲೇಬಲ್ ಅಂಟಿಸಿದವರು

"ಸಿಕ್ಕಿಬಿತ್ತು ಮೇಷ್ಟ್ರೇ! ನಿಮ್ಮ ಕ್ಯಾಸೆಟ್ ಯಾಕೆ ಮಕಾಡೆ ಮಲಗಿತು ಅಂತ ಇವತ್ತು ಗೊತ್ತಾಯ್ತು!" ಚಪ್ಪಲಿ ಬಿಡುವ ಮೊದಲೇ ರೀಲ್ ಮಾಮ ಕೂಗಿದ.

ಮೇಷ್ಟ್ರು ಗಾಬರಿಯಿಂದ ಹಿತ್ತಿಲ ಬಾಗಿಲ ಕಡೆ ನೋಡಿದರು. ಅಲ್ಲಿ ಅವರ ಹೆಂಡತಿ ಬಟ್ಟೆ ಒಣಹಾಕುತ್ತಿದ್ದರು. "ಮೆಲ್ಲಗೆ ಮಾತಾಡಪ್ಪಾ, ನನಗೇನು ಕಿವುಡೇ?" ಎಂದು ಅವನನ್ನು ಎಳೆದು ಕುರ್ಚಿಯಲ್ಲಿ ಕೂರಿಸಿದರು.

ರೀಲ್ ಮಾಮನದು ಹಳೇ ಕ್ಯಾಸೆಟ್‌ಗಳ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿ. "ನಾನು ರೀಲು ಸುತ್ತೋನು, ಬಿಡೋನಲ್ಲ" ಎಂದು ತಾನೇ ಹೇಳಿ ತಾನೇ ನಗುವ ಆಸಾಮಿ. ಹೋದ ವಾರ ಗುಜರಿಯವನ ಚೀಲದಲ್ಲಿ ಅವನಿಗೆ ಮೂವತ್ತು ವರ್ಷ ಹಳೆಯ ಕ್ಯಾಸೆಟ್ಟೊಂದು ಸಿಕ್ಕಿತ್ತು. ಒಬ್ಬ ಲಾರಿ ಡ್ರೈವರನ ಇಡೀ ಬದುಕು, ಹತ್ತು ಹಾಡುಗಳಲ್ಲಿ. ಬರೆದು, ರಾಗ ಹಾಕಿ, ಹಾಡಿದವರು ಇದೇ ಮೇಷ್ಟ್ರು, ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಕಾಲದಲ್ಲಿ. ಕಥೆ ಗೊಂದಲ ಅನ್ನಿಸಿದರೂ ಒಂದೊಂದು ಹಾಡಿಗೂ ರೀಲ್ ಮಾಮನ ಕಣ್ಣು ಒದ್ದೆಯಾಗಿತ್ತು. ವಿಳಾಸ ಪತ್ತೆಮಾಡಿಕೊಂಡು ಬಂದು, "ನನ್ನ ಚಾನೆಲ್‌ನಲ್ಲಿ ಹಾಕ್ತೀನಿ" ಎಂದು ಒಪ್ಪಿಗೆ ಪಡೆದು ಹೋಗಿದ್ದ.

ಈಗ ಲ್ಯಾಪ್‌ಟಾಪ್ ತೆರೆದವನು ಉಸಿರು ಬಿಡದೆ ಶುರುಮಾಡಿದ. "ಜನ ಏನು ಅಂದಿದ್ರು? ಸತ್ತೋನು ಎದ್ದು ಬಂದು ಮದುವೆ ಆಗ್ತಾನೆ, ಕಥೆಗೆ ತಲೆಬುಡ ಇಲ್ಲ ಅಂತ ತಾನೆ? ಎರಡೂ ಇತ್ತು ಮೇಷ್ಟ್ರೇ, ತಲೆಕೆಳಗಾಗಿತ್ತು ಅಷ್ಟೇ! ಹೊಸ ಕ್ಯಾಸೆಟ್‌ನಲ್ಲಿ ಟೇಪು ತುಂಬಿದ ಸುರುಳಿ ಎಡಗಡೆ ಬರೋ ಹಾಗೆ ಹಿಡಿದು, ಮೇಲಿರೋ ಮುಖಕ್ಕೆ ‘ಒಂದು’ ಅನ್ನೋ ಲೇಬಲ್ ಅಂಟಿಸಬೇಕು. ಯಾವನೋ ಪುಣ್ಯಾತ್ಮ ಬಲಗಡೆ ಇಟ್ಟು ಅಂಟಿಸಿದ್ದಾನೆ. ಒಂದನೇ ಬದಿ ಅಂತ ಹಾಕಿದ್ರೆ ಆರನೇ ಹಾಡು ಶುರು. ಡ್ರೈವರ್ ಸಾಯ್ತಾನೆ, ಹೆಂಡತಿ ಲಾರಿ ಓಡಿಸ್ತಾಳೆ. ತಿರುಗಿಸಿ ಹಾಕಿದ್ರೆ ನೀವು ‘ಬನ್ನಿ, ಒಂದು ಕಥೆ ಹೇಳ್ತೀನಿ’ ಅಂತೀರಿ. ಅಲ್ಲಿವರೆಗೂ ಯಾರು ಕೂತಿರ್ತಾರೆ? ಇದನ್ನೇ ದೊಡ್ಡಕ್ಷರದಲ್ಲಿ ಬರೆದಿದ್ದೀನಿ: ಲೇಬಲ್ ತಪ್ಪಿಗೆ ಮುಳುಗಿದ ಹಾಡುಗಳು! ಇದಕ್ಕೇ ಜನ ಮುಗಿಬೀಳ್ತಾರೆ ನೋಡ್ತಿರಿ."

"ಅದನ್ನ ಅಳಿಸು" ಎಂದರು ಮೇಷ್ಟ್ರು.

"ಅಯ್ಯೋ, ಯಾಕೆ?"

"ಅದು ನನಗೆ ಗೊತ್ತಿರೋದೇ. ಕ್ಯಾಸೆಟ್ ಬಂದ ತಿಂಗಳಲ್ಲೇ ಗೊತ್ತಾಯ್ತು. ಕ್ಷೌರದಂಗಡಿಯಲ್ಲಿ ಕೂತಿದ್ದೆ, ಯಾರೋ ಹಾಕಿದ್ರು. ಅರ್ಧ ಗಡ್ಡಕ್ಕೇ ಎದ್ದು ಬಂದೆ."

ರೀಲ್ ಮಾಮ ಬಾಯಿ ಬಿಟ್ಟುಕೊಂಡು ನೋಡಿದ. "ಗೊತ್ತಿದ್ದೂ ಸುಮ್ಮನಿದ್ರಾ? ಬೇರೆ ಲೇಬಲ್ ಅಂಟಿಸಿ ಮತ್ತೆ ಬಿಟ್ಟಿದ್ರೆ ಆಗ್ತಿತ್ತಲ್ಲ!"

ಮೇಷ್ಟ್ರು ದನಿ ಇನ್ನೂ ತಗ್ಗಿಸಿದರು. "ಅಂಟಿಸಿದ್ದು ನನ್ನ ಹೆಂಡತಿ ಕಣಪ್ಪಾ. ಐನೂರು ಕ್ಯಾಸೆಟ್, ಎರಡು ದಿನ, ಇದೇ ಮೇಜಿನ ಮೇಲೆ. ಅವಳು ಎಡಚಿ. ಎಡಗೈಗೆ ಅನುಕೂಲ ಅಂತ ಎಲ್ಲಾನೂ ತಿರುಗಿಸಿಟ್ಕೊಂಡಿದ್ದಾಳೆ, ನಾನೂ ಗಮನಿಸಲಿಲ್ಲ. ಮತ್ತೆ ಅಂಟಿಸೋಕೆ ಕೂರೋಳೂ ಅವಳೇ ತಾನೆ? ಈ ಸಲ ಆ ಕಡೆ ಅಂಟಿಸು ಅಂತ ಯಾವ ಬಾಯಲ್ಲಿ ಹೇಳಲಿ? ಹಾಡೇ ಚೆನ್ನಾಗಿರಲಿಲ್ಲ ಕಣೇ, ಹೋಗಲಿ ಬಿಡು ಅಂದುಬಿಟ್ಟೆ."

"ಅವರು ಕ್ಯಾಸೆಟ್ ಹಾಕಿ ಕೇಳಲೇ ಇಲ್ವಾ?"

"ಹತ್ತೂ ಹಾಡನ್ನ ನನ್ನ ಬಾಯಲ್ಲೇ ಕೇಳಿದೋಳಿಗೆ ಕ್ಯಾಸೆಟ್ ಯಾಕೆ?"

"ಹಾಗಾದ್ರೆ ಆಮೇಲೆ ನೀವು ಬೇರೆ ಹಾಡು ಬರೀಲಿಲ್ವಲ್ಲ, ಅದು..."

"ಚೆನ್ನಾಗಿಲ್ಲ ಅಂತ ನಾನೇ ಹೇಳಿಯಾಗಿತ್ತು. ಮತ್ತೆ ಬರೆಯೋಕೆ ಕೂತ್ರೆ ನಂಬ್ತಾಳಾ?" ಮೇಷ್ಟ್ರು ನಕ್ಕರು. ರೀಲ್ ಮಾಮ ತಡೆಯಲಾರದೆ ಹೇಳಿದ: "ಇದನ್ನ ಬರೆಯದೆ ಬರೀ ಹಾಡು ಹಾಕಿದ್ರೆ ಇಪ್ಪತ್ತು ಜನಾನೂ ಕೇಳಲ್ಲ ಮೇಷ್ಟ್ರೇ. ಇದೇ ಕೊನೇ ಅವಕಾಶ ನಿಮಗೆ."

"ಇಪ್ಪತ್ತು ಸಾಕಪ್ಪಾ. ಮೊದಲಿಂದ ಕೇಳಲಿ, ಅಷ್ಟೇ."

ರೀಲ್ ಮಾಮ ಬರೆದಿದ್ದನ್ನೆಲ್ಲ ಒಂದೊಂದೇ ಸಾಲಾಗಿ ಅಳಿಸಿದ. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಖಾಲಿ ಬಕೆಟ್ ಹಿಡಿದು ಒಳಗೆ ಬಂದರು.

"ಅದೇನು ಇಬ್ಬರದೂ ಗುಸುಗುಸು?"

"ಹಾಡು ಹಾಕ್ತಾ ಇದ್ದೀವಮ್ಮ. ಇವತ್ತೇ."

ಆಕೆ ಬಕೆಟ್ ಅಲ್ಲೇ ಇಟ್ಟು ಸೆರಗಿಗೆ ಕೈ ಒರೆಸಿಕೊಂಡರು. "ಅಬ್ಬಾ, ಈಗಲಾದ್ರೂ ಬಂತಲ್ಲ! ಹಾಡು ಚಿನ್ನದಂಥವು ಅಂತ ಮೂವತ್ತು ವರ್ಷದಿಂದ ಬಡ್ಕೊಂಡೆ, ಈ ಮನುಷ್ಯ ಕಿವಿಗೆ ಹಾಕ್ಕೊಂಡ್ರೆ ತಾನೆ! ನೀನೇ ಹೇಳಪ್ಪ, ಆಗ ಯಾಕೆ ಜನ ಕೇಳಲಿಲ್ಲ?"

ಮೇಷ್ಟ್ರು ಅವನನ್ನೇ ನೋಡುತ್ತಿದ್ದರು. ರೀಲ್ ಮಾಮ ಪರದೆಯತ್ತ ಕಣ್ಣು ತಿರುಗಿಸಿದ. "ಕಾಲ ಕೂಡಿ ಬರಲಿಲ್ಲಮ್ಮ, ಅಷ್ಟೇ."

"ಕೇಳಿಸ್ಕೊಂಡ್ರಾ?" ಎಂದು ಗಂಡನ ಭುಜ ತಿವಿದು ಆಕೆ ಪರದೆಯತ್ತ ಬಗ್ಗಿದರು. "ಇದರಲ್ಲಿ ಏನೇನು ಬರೀತೀಯ?"

"ಬರೆದವರು, ರಾಗ ಹಾಕಿದವರು, ಹಾಡಿದವರು. ಮೂರಕ್ಕೂ ಮೇಷ್ಟ್ರ ಹೆಸರೇ."

"ಹಾಗಾದ್ರೆ ನಂದೂ ಒಂದು ಹಾಕು. ಲೇಬಲ್ ಅಂಟಿಸಿದವರು ಅಂತ. ಆಗ ಹಾಕ್ತೀನಿ ಅಂದಿದ್ರು, ಮರೆತೇಬಿಟ್ರು. ಐನೂರರಲ್ಲಿ ಒಂದಾದ್ರೂ ಸೊಟ್ಟ ಇದ್ರೆ ತೋರಿಸು ನೋಡೋಣ!"

ರೀಲ್ ಮಾಮನ ಬೆರಳು ಅಲ್ಲೇ ನಿಂತಿತು. ಏನು ಮಾಡಲಿ ಎಂಬಂತೆ ಮೇಷ್ಟ್ರ ಮುಖ ನೋಡಿದ.

"ಹಾಕಪ್ಪಾ" ಎಂದರು ಮೇಷ್ಟ್ರು. "ಮೊದಲು ಅವಳ ಹೆಸರು. ನಂದು ಆಮೇಲೆ ಬರಲಿ."