ಮೂವರು ಜನಕರು

"ಇನ್ನು ಮೇಲೆ ಕ್ಲಾಸಿನಲ್ಲಿ ಜೋಕು ಹೇಳಬೇಡಿ ಟೀಚರೇ," ಎಂದಳು ಭವ್ಯಶ್ರೀಯ ಅಮ್ಮ ಅಪ್ಪಿ, ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು.

ವಿಜ್ಞಾನ ಕಲಿಸುವ ಲೊರ್ನಾ ಟೀಚರಿಗೆ ತಲೆಬುಡ ಅರ್ಥವಾಗಲಿಲ್ಲ. ಧಾತುಗಳ ಹೆಸರು ಹಿಡಿದು ತಮಾಷೆ ಮಾಡುವುದು ಅವರ ಅಭ್ಯಾಸ; ಹಾಗೆ ಹೇಳಿದ್ದು ಮಕ್ಕಳ ತಲೆಯಲ್ಲಿ ನಿಲ್ಲುತ್ತಿತ್ತು. ಕಾರ್ಕಳದ ಆ ಹೈಸ್ಕೂಲಿನಲ್ಲಿ ಇದಕ್ಕೆ ಯಾರೂ ದೂರು ತಂದಿರಲಿಲ್ಲ.

ಅಪ್ಪಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. ಗಂಡ ವಿಠಲ ಕಲ್ಲಿನ ಕೋರೆಯಲ್ಲಿ ದುಡಿದವನು. ಎದೆಯೊಳಗೆಲ್ಲ ಕಲ್ಲಿನ ಹುಡಿ ಕೂತಿದೆ. ಇನ್ನು ಮದ್ದಿಲ್ಲವೆಂದು ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ಕಳುಹಿಸಿದ್ದಾರೆ. ಹಗಲೂ ರಾತ್ರಿ ಮೂಗಿಗೆ ಆಕ್ಸಿಜನ್ ಮೆಷಿನ್ನಿನ ಕೊಳವೆ. ಮಗಳು ಭವ್ಯಶ್ರೀ ಸಂಜೆ ಬಂದವಳೇ ಟೀಚರ ಜೋಕನ್ನು ಅಪ್ಪನಿಗೆ ಒಪ್ಪಿಸುತ್ತಾಳೆ. ಅವನು ನಗುತ್ತಾನೆ. ನಗು ಕೆಮ್ಮಾಗುತ್ತದೆ.

"ಮೊನ್ನೆ ತುಟಿಯೆಲ್ಲ ನೀಲಿ ಆಯಿತು. ಮಗಳಿಗೆ ಹೇಳಿದರೆ ಕೇಳುವುದಿಲ್ಲ. ನೀವು ಹೇಳದಿದ್ದರೆ ಅವಳಿಗೆ ಮನೆಗೆ ತರಲಿಕ್ಕೆ ಎಂತ ಉಂಟು?"

ಲೊರ್ನಾ ಟೀಚರ್ ಒಪ್ಪಿದರು. ಮರುದಿನದಿಂದ ಪಾಠ ಬರೀ ಪಾಠವಾಯಿತು. ಮಕ್ಕಳು ಮುಖ ಮುಖ ನೋಡಿಕೊಂಡರು. ಭವ್ಯಶ್ರೀ ಮಾತ್ರ ತಲೆ ಎತ್ತಲಿಲ್ಲ.

ವಾರ ಕಳೆದ ಮೇಲೆ ಒಂದು ಫೋನ್ ಬಂತು. ಮಾತಿಗೊಮ್ಮೆ ನಿಂತು ಉಸಿರೆಳೆಯುವ ಗಂಡು ಧ್ವನಿ. "ನಾನು ವಿಠಲ... ಭವ್ಯಶ್ರೀಯ ಅಪ್ಪ. ಶಾಲೆಯಲ್ಲಿ... ಯಾರಾದರೂ ತೀರಿಹೋದರಾ ಟೀಚರೇ? ಒಂದು ಜೋಕೂ ಬರುವುದಿಲ್ಲ!"

ಅಂದು ಸಂಜೆಯೇ ಅವರು ವಿಠಲನ ಮನೆಗೆ ಹೋದರು. ಅವನು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ, ಬರೀ ಎಲುಬು. ಪಕ್ಕದಲ್ಲಿ ಮೆಷಿನ್ನು ಗೊರಗುಟ್ಟುತ್ತಿತ್ತು. ಕಾಲ ಬುಡದಲ್ಲಿ ಭವ್ಯಶ್ರೀ ಕೂತಿದ್ದಳು.

"ನನ್ನ ಎದೆಯಲ್ಲಿ ಇರುವುದೂ ಮೊಬೈಲಿನಲ್ಲಿ ಇರುವುದೂ... ಒಂದೇ ಧಾತುವಂತೆ. ಸಿಲಿಕಾನ್. ಇವಳೇ ಹೇಳಿದ್ದು. ಮೊಬೈಲಿಗೆ ಹೋದದ್ದು ಮಾತಾಡುತ್ತದೆ... ನನ್ನೊಳಗೆ ಬಂದದ್ದು ಮಾತನ್ನೇ ನಿಲ್ಲಿಸಿತು."

ಯಾರೂ ನಗಲಿಲ್ಲ.

"ನೋಡಿ, ನನಗೆ ಹೇಳಲಿಕ್ಕೆ ಬರುವುದಿಲ್ಲ. ನೀವು ಹೇಳಿ."

ಲೊರ್ನಾ ಟೀಚರ್ ಅಪ್ಪಿಯ ಮುಖ ನೋಡಿದರು.  ಅಪ್ಪಿ ಮಂಚ ಹತ್ತಿ ಗಂಡನ ಹಿಂದೆ ಕೂತು, ಎರಡೂ ಕೈಗಳಿಂದ ಅವನ ಬೆನ್ನಿಗೆ ಆನಿಕೆ ಕೊಟ್ಟಳು.

"ಹೇಳಿ ಟೀಚರೇ. ನಾನು ಹಿಡಿದುಕೊಳ್ಳುತ್ತೇನೆ."

ಲೊರ್ನಾ ಟೀಚರ್ ಕ್ಲಾಸಿನಲ್ಲಿ ಹೇಳುವಂತೆಯೇ ಶುರುಮಾಡಿದರು. "ಜಲಜನಕ, ಸಾರಜನಕ, ಆಮ್ಲಜನಕ. ಮೂವರು ಜನಕರು. ಆ ಮನೆಯಲ್ಲಿ ಅಮ್ಮ ಒಬ್ಬಳೂ ಇಲ್ಲ. ಮತ್ತೆ ಅಡುಗೆಗೆ ಯಾರು?"

ವಿಠಲನ ಭುಜ ಕುಲುಕಿತು. ಬೆರಳೆತ್ತಿ ಮಗಳನ್ನೂ ಮೆಷಿನ್ನನ್ನೂ ತೋರಿಸಿದ. "ಹಾಗಾದರೆ... ಇವಳಿಗೆ ನಾನು ಜನಕ. ನನಗೆ ಈ ಆಮ್ಲಜನಕ... ಇದು ಇವಳ ಅಜ್ಜ ಅಲ್ವಾ ಮಾರಾಯ್ತಿ!"

ಭವ್ಯಶ್ರೀ ಕಿಲಕಿಲ ನಕ್ಕುಬಿಟ್ಟಳು. ಅವನೂ ನಕ್ಕ. ಕೆಮ್ಮು ಬಂತು, ಬಿಡದೆ ಬಂತು. ಮೈ ಬಾಗಿ ತುಟಿ ಕಪ್ಪಿಟ್ಟಿತು. ಅಪ್ಪಿ ಬಿಗಿಯಾಗಿ ಹಿಡಿದೇ ಇದ್ದಳು. ಉಸಿರು ಹದಕ್ಕೆ ಬಂದ ಮೇಲೆ ಅವನು ಒಂದು ಬೆರಳು ಎತ್ತಿದ: ಇನ್ನೊಂದು. ಲೊರ್ನಾ ಟೀಚರಿಗೆ ಹೇಳಲು ಆಗಲಿಲ್ಲ.

ಆದರೆ ಮರುದಿನದಿಂದ ಕ್ಲಾಸಿನಲ್ಲಿ ಮತ್ತೆ ಜೋಕು ಶುರುವಾಯಿತು. ದಿನಕ್ಕೊಂದನ್ನು ಭವ್ಯಶ್ರೀ ಮನೆಗೆ ಒಯ್ದಳು.

ಒಂದು ಸೋಮವಾರ ಅವಳು ಶಾಲೆಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ವಿಠಲ ರಾತ್ರಿ ತೀರಿಹೋದನಂತೆ. ಮನೆಯ ಅಂಗಳದಲ್ಲಿ ಲೊರ್ನಾ ಟೀಚರ್ ಅಪ್ಪಿಯ ಕೈ ಹಿಡಿದರು. ಮುಖ ನೋಡುವ ಧೈರ್ಯ ಬರಲಿಲ್ಲ.

"ನಗುವಾಗ ಹೋದದ್ದಾ ಅಪ್ಪಿ?"

"ಅಲ್ಲ ಟೀಚರೇ," ಎಂದಳು ಅಪ್ಪಿ. "ನಿನ್ನೆ ಭಾನುವಾರ ಅಲ್ವಾ? ಶಾಲೆ ಇರಲಿಲ್ಲ."